ವೇಲಚೇರಿಯಿಂದ ವೇದಗಿರಿಯ ತುದಿಗೆ: ಪಕ್ಷಿತೀರ್ಥಕ್ಕೆ ಒಂದು ದಿನದ ಸೈಕಲ್ ಯಾತ್ರೆ

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ನಮಗೆ ಬೆಟ್ಟವೆಂದರೆ ಊರಿನ ನೆನಪು. ನಂದಿಬೆಟ್ಟ, ಶಿವಗಂಗೆ, ಸಾವನದುರ್ಗ, ಕೊಡಚಾದ್ರಿ ಇವೆಲ್ಲ ರಜೆಗೆ ಹೋದಾಗ ಮಕ್ಕಳೊಡನೆ ಹತ್ತಿ ಬರುವ ಬೆಟ್ಟಗಳು. ಚೆನ್ನೈಯಾದರೋ ಸಮತಟ್ಟಾದ ಊರು. ಅದರಲ್ಲಿಯೂ ವೇಲಚೇರಿ, ಮಡಿಪಾಕ್ಕಂ, ಪಳ್ಳಿಕರಣೈಗಳು ಮಳೆಗಾಲದಲ್ಲಿ ನೀರು ನಿಲ್ಲುವಷ್ಟು ತಗ್ಗಾದ ಪ್ರದೇಶಗಳು. ಇಲ್ಲಿಂದ ಸೈಕಲ್ಲಿನಲ್ಲಿ ಹೊರಟು, ಒಂದು ಬೆಟ್ಟದ ನೆತ್ತಿಯನ್ನು ಕಾಲ್ನಡಿಗೆಯಲ್ಲಿ ಮುಟ್ಟಿ, ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳುವುದು ಸಾಧ್ಯವೇ ಎಂದು ಕೇಳುವವರಿಗೆ ನಾವು ಸೂಚಿಸುವ ಸ್ಥಳ ತಿರುಕ್ಕಳುಕ್ಕುಂಡ್ರಂ. ತಮಿಳಿನಲ್ಲಿ ಇದು ಹದ್ದಿನ ಗುಡ್ಡ. ನಮ್ಮ ಹಿರಿಯರು ಪಕ್ಷಿತೀರ್ಥವೆಂದು ಕರೆಯುತ್ತಿದ್ದ, ಕಂಚಿ ಮತ್ತು ಮಹಾಬಲಿಪುರಗಳ ಯಾತ್ರೆಯೊಡನೆ ಸೇರಿಸಿಕೊಳ್ಳುತ್ತಿದ್ದ ಕ್ಷೇತ್ರವೇ ಇದು.

ಬೆಟ್ಟದ ಎತ್ತರ ಸುಮಾರು 500 ಅಡಿ. ಮೆಟ್ಟಿಲುಗಳು ಐನೂರಕ್ಕೂ ಹೆಚ್ಚು. ಕೊಡಚಾದ್ರಿ ಹತ್ತಿದವರು ಇದನ್ನು ಕೇಳಿ ನಕ್ಕಾರು. ಆದರೆ 60 ಕಿಲೋಮೀಟರು ತುಳಿದ ಕಾಲುಗಳಿಗೆ ಆ ಐನೂರು ಮೆಟ್ಟಿಲುಗಳೇ ಬೇರೆ ಬಗೆಯಾಗಿ ತೋರುತ್ತವೆ. ಅದಕ್ಕಿಂತ ಮುಖ್ಯವಾಗಿ, ಈ ಕ್ಷೇತ್ರದ ಕಲ್ಲುಗಳಲ್ಲಿ ಕನ್ನಡ ನಾಡಿನ ಒಂದು ಸೋಲು ಮತ್ತು ಒಂದು ಗೆಲುವು ಎರಡೂ ದಾಖಲಾಗಿವೆ. ಚೆನ್ನೈಯ ಕನ್ನಡ ಕುಟುಂಬಗಳಲ್ಲಿ ಈ ಸಂಗತಿ ತಿಳಿದವರು ವಿರಳವೆಂಬುದು ನಮ್ಮ ಅನುಭವ. ಆದ್ದರಿಂದಲೇ ಈ ವಿವರ.

ಇದೇ ಬೆಟ್ಟ ಏಕೆ?

ಚೆನ್ನೈಗೆ ಹತ್ತಿರದಲ್ಲಿ ಬೇರೆ ಬೆಟ್ಟಗಳಿಲ್ಲವೆಂದಲ್ಲ. ಆಂಧ್ರದ ಗಡಿಯಾಚೆಗಿನ ನಾಗಲಾಪುರದ ಕಾಡುಬೆಟ್ಟಗಳಿಗೆ ನಗರದ ಯುವಕರು ದಂಡುದಂಡಾಗಿ ಹೋಗಿಬಂದ ಕಾಲವಿತ್ತು. ನಮ್ಮ ವೈಷ್ಣವ ಮತ್ತು ಮಾಧ್ವ ಕುಟುಂಬಗಳಿಗೆ ಘಟಿಕಾಚಲವೆಂದೇ ಪರಿಚಿತವಾದ ಶೋಳಿಂಗಪುರದಲ್ಲಿ 1300ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಲ್ಲಿ 2024ರಲ್ಲಿ ರೋಪ್‌ವೇ ಸಹ ಬಂದಿದೆ. ಇವೆರಡೂ ಒಂದೇ ದಿನದ ಸೈಕಲ್ ಸವಾರಿಗೆ ದೂರವಾದವು.

ಕಾಡಿನ ಬೆಟ್ಟಗಳ ವಿಷಯದಲ್ಲಿ ಇನ್ನೊಂದು ಎಚ್ಚರವಿದೆ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಅವರಲ್ಲಿ ಚೆನ್ನೈಯಿಂದ ಹೋದವರು ಹಲವರು. ಆ ದುರಂತದ ನಂತರ ತಮಿಳುನಾಡು ಸರ್ಕಾರವು ಅದೇ ವರ್ಷ ಚಾರಣಕ್ಕೆ ನಿಯಮಗಳನ್ನು ರೂಪಿಸಿತು. 2024ರಲ್ಲಿ ಅರಣ್ಯ ಇಲಾಖೆಯ ಮೂಲಕ 40 ಹಾದಿಗಳನ್ನು ಮುಂಗಡ ನೋಂದಣಿಗೆ ತೆರೆಯಿತು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ ಮಾತ್ರವಲ್ಲ, ಅಪಾಯವೂ ಹೌದು. ವೇದಗಿರಿಯಲ್ಲಿ ಆ ಚಿಂತೆಯಿಲ್ಲ. ಕಲ್ಲಿನ ಮೆಟ್ಟಿಲು, ಸದಾ ಜನಸಂಚಾರ, ಕೆಳಗೆ ಊರು. ಕುಟುಂಬದವರನ್ನು ಧೈರ್ಯವಾಗಿ ಕರೆದೊಯ್ಯಬಹುದು.

ಹೋಗುವ ದಾರಿ

ಕೂಡಲು ಅನುಕೂಲವಾದ ಸ್ಥಳ ವೇಲಚೇರಿಯ ವಿಜಯನಗರ ಬಸ್ ನಿಲ್ದಾಣ. ಹೆಸರು ಕೇಳಿದೊಡನೆ ಹಂಪಿ ಕಣ್ಣಮುಂದೆ ಬಂದರೂ ಅಲ್ಲಿ ಕಾಣುವುದು ಮೇಲುಸೇತುವೆಗಳು ಮಾತ್ರ. ಅಲ್ಲಿಂದ ತಾಂಬರಂ ರಸ್ತೆಯಲ್ಲಿ ಪಳ್ಳಿಕರಣೈ ದಾಟಿ ಮೇಡವಾಕ್ಕಂ, ಅಲ್ಲಿ ಎಡಕ್ಕೆ ತಿರುಗಿ ಶೋಳಿಂಗನಲ್ಲೂರು, ಅಲ್ಲಿಂದ ಹಳೆಯ ಮಹಾಬಲಿಪುರ ರಸ್ತೆಯಲ್ಲಿ ನೇರ ದಕ್ಷಿಣಕ್ಕೆ. ನಾವಲೂರು, ಕೇಳಂಬಾಕ್ಕಂ, ತಿರುಪ್ಪೋರೂರು, ಆಲತ್ತೂರುಗಳನ್ನು ದಾಟಿ ಪೂಂಜೇರಿ ಕೂಡುರಸ್ತೆಗೆ ಬಂದರೆ ಎಡಕ್ಕೆ ಮಾಮಲ್ಲಪುರ, ಬಲಕ್ಕೆ ತಿರುಕ್ಕಳುಕ್ಕುಂಡ್ರಂ. ಬಲಕ್ಕೆ ತಿರುಗಿದ ಮೇಲೆ ಉಳಿಯುವುದು ಸುಮಾರು 14 ಕಿ.ಮೀ. ಒಟ್ಟು ದೂರ 60 ಕಿ.ಮೀ. ಆಸುಪಾಸು.

ಹೊರಡುವುದು ಬೆಳಗಿನ ಜಾವ 4.30ಕ್ಕೆ. ಇದರಲ್ಲಿ ರಿಯಾಯಿತಿ ಬೇಡ. ಗಂಟೆಗೆ 15ರಿಂದ 18 ಕಿ.ಮೀ. ವೇಗದಲ್ಲಿ ತುಳಿಯುವ ಸಾಮಾನ್ಯ ಸವಾರರಿಗೆ ನಡುವಿನ ವಿಶ್ರಾಂತಿಯೂ ಸೇರಿ ನಾಲ್ಕೂವರೆ ಗಂಟೆ ಬೇಕು. ಒಂಬತ್ತಕ್ಕೆ ಬೆಟ್ಟದ ಬುಡದಲ್ಲಿದ್ದರೆ ಮಾತ್ರ ಹನ್ನೊಂದರೊಳಗೆ ಇಳಿದು ಬರಲು ಸಾಧ್ಯ. ಹನ್ನೊಂದರ ಗಡುವಿನ ಕಾರಣವನ್ನು ಮುಂದೆ ಹೇಳುತ್ತೇವೆ.

ಕತ್ತಲಲ್ಲಿ ಹೊರಡುವುದರಿಂದ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿಯ ಅಂಗಿ ಮತ್ತು ಹೆಲ್ಮೆಟ್ ಕಡ್ಡಾಯ. ಮೆಟ್ರೋ ರೈಲಿನ ಎರಡನೆಯ ಹಂತದ ಕಾಮಗಾರಿಯಿಂದ ಹಳೆಯ ಮಹಾಬಲಿಪುರ ರಸ್ತೆ ಇತ್ತೀಚಿನ ವರ್ಷಗಳಲ್ಲಿ ಹಲವೆಡೆ ಇಕ್ಕಟ್ಟಾಗಿದೆ. ತಡೆಗೋಡೆಗಳ ಬಳಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸಾಗಬೇಕು. ಆದರೂ ಕತ್ತಲ ಹೊತ್ತಿಗೆ ಪೂರ್ವ ಕರಾವಳಿ ರಸ್ತೆಗಿಂತ ಇದೇ ಮೇಲೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ಬೀದಿದೀಪಗಳಿವೆ. ಕರಾವಳಿ ರಸ್ತೆಯಲ್ಲಿ ವಾರಾಂತ್ಯದ ನಡುರಾತ್ರಿಯಿಂದ ಮುಂಜಾವಿನವರೆಗೆ ಕಾರುಗಳು ಓಡುವ ವೇಗವನ್ನು ಕಂಡವರು ಯಾರೂ ಅಲ್ಲಿ ಕತ್ತಲಲ್ಲಿ ಸೈಕಲ್ ತುಳಿಯಲು ಒಪ್ಪರು.

ಮೊದಲ ಹತ್ತು ಕಿಲೋಮೀಟರಿನಲ್ಲಿಯೇ ನೋಡತಕ್ಕ ಎರಡು ಸಂಗತಿಗಳಿವೆ. ಒಂದು, ರಸ್ತೆಯ ಎಡಬದಿಯ ಪಳ್ಳಿಕರಣೈ ಜೌಗುಭೂಮಿ. ನಗರದ ಕಸ ಮತ್ತು ಕಟ್ಟಡಗಳ ನಡುವೆ ಉಳಿದುಕೊಂಡಿರುವ ಈ ನೀರುನೆಲಕ್ಕೆ 2022ರಲ್ಲಿ ರಾಮ್‌ಸಾರ್ ಮಾನ್ಯತೆ ದೊರೆಯಿತು. ಚಳಿಗಾಲದಲ್ಲಿ ಹೆಜ್ಜಾರ್ಲೆ, ರಾಜಹಂಸಗಳು ಇಲ್ಲಿ ಕಾಣಸಿಗುತ್ತವೆ.

ಎರಡನೆಯದು ಕಣ್ಣಿಗೆ ಕಾಣದ ಒಂದು ಗೆರೆ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿ ಪರಂಗಿಮಲೈ ಅಂದರೆ ಸೇಂಟ್ ಥಾಮಸ್ ಮೌಂಟಿನ ಬಳಿಯಿಂದ ಪೆರುಂಬಾಕ್ಕಂ ಗುಡ್ಡದವರೆಗೆ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಲು ಆರಂಭಿಸಿದನು. ಮುಂದೆ ಹಿಮಾಲಯದವರೆಗೆ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಮೊದಲ ಅಳತೆ ಅದೇ. ವೇಲಚೇರಿಯಿಂದ ಮೇಡವಾಕ್ಕಂಗೆ ಹೋಗುವವರು ಆ ರೇಖೆಯ ಆಸುಪಾಸಿನಲ್ಲಿಯೇ ಸಾಗುತ್ತಾರೆ. ಲ್ಯಾಂಬ್ಟನ್ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಅಳೆಯುವ ಸಂದರ್ಭದಲ್ಲಿಯೇ ಅವನಿಗೆ ಈ ಯೋಜನೆ ಹೊಳೆದದ್ದು. 1800ರಲ್ಲಿ ಬೆಂಗಳೂರಿನಲ್ಲಿ ಒಂದು ಆಧಾರರೇಖೆಯನ್ನು ಅಳೆದ ಬಳಿಕವೇ ಅವನು ಮದರಾಸಿಗೆ ಬಂದನು. ಮದರಾಸಿನ ಅಳತೆ ಸರಿಯಿದೆಯೇ ಎಂದು ತಾಳೆನೋಡಲು 1804ರಲ್ಲಿ ಮತ್ತೆ ಬೆಂಗಳೂರಿನಲ್ಲಿ ಇನ್ನೊಂದು ರೇಖೆಯನ್ನು ಅಳೆಯಲಾಯಿತು. ಬೆಂಗಳೂರು ಮತ್ತು ವೇಲಚೇರಿಗಳ ನಂಟು ಐ.ಟಿ. ಕಂಪನಿಗಳಿಗಿಂತ ಇನ್ನೂರು ವರ್ಷ ಹಳೆಯದು!

ಶೋಳಿಂಗನಲ್ಲೂರಿನಿಂದ ಕೇಳಂಬಾಕ್ಕಂವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಗಾಜಿನ ಕಟ್ಟಡಗಳು, ವಸತಿ ಸಮುಚ್ಚಯಗಳು. ಕೇಳಂಬಾಕ್ಕಂನ ಪೂರ್ವಕ್ಕೆ ಕೋವಳಂ ಕಡೆ ಉಪ್ಪಿನ ಆಗರಗಳಿವೆ. ಬೆಳಗಾಗುವ ಹೊತ್ತಿಗೆ ತಿರುಪ್ಪೋರೂರು ಸಿಗುತ್ತದೆ. ಅಲ್ಲಿನ ಕಂದಸ್ವಾಮಿ ದೇವಾಲಯದ ಬಳಿ ಇಳಿದು ಇಡ್ಲಿ ಕಾಫಿ ಮುಗಿಸಿಕೊಳ್ಳುವುದು ಒಳ್ಳೆಯದು. ಹೊಟ್ಟೆ ಬಿರಿಯುವಂತೆ ತಿನ್ನುವುದು ಬೇಡ.

ವೇದಗಿರಿ

ಊರಿನೊಳಗೆ ಎರಡು ದೇವಾಲಯಗಳಿವೆ. ಬುಡದಲ್ಲಿ ವಿಶಾಲವಾದ ಭಕ್ತವತ್ಸಲೇಶ್ವರ ದೇವಾಲಯ, ನೆತ್ತಿಯಲ್ಲಿ ವೇದಗಿರೀಶ್ವರ. ನಾಲ್ಕು ವೇದಗಳೇ ಇಲ್ಲಿ ಬೆಟ್ಟಗಳಾಗಿ ನಿಂತಿವೆ ಎಂಬುದು ಸ್ಥಳಪುರಾಣ. ಶೈವ ನಾಯನ್ಮಾರರಾದ ಅಪ್ಪರ್, ಸಂಬಂದರ್, ಸುಂದರರ್ ಮೂವರೂ ಹಾಡಿದ ಕ್ಷೇತ್ರವಿದು. ಊರಿನ ದೊಡ್ಡ ಕೆರೆ ಶಂಖತೀರ್ಥ. ಇದರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಶಂಖವೊಂದು ಮೇಲೇಳುತ್ತದೆಂದು ಭಕ್ತರ ನಂಬಿಕೆ.

ಈಗ ಶಾಸನಗಳ ವಿಷಯ. ಇಲ್ಲಿ ದೊರೆತ ಪ್ರಾಚೀನ ತಮಿಳು ಶಾಸನಗಳಲ್ಲಿ ಒಂದು ಚೋಳ ರಾಜಕೇಸರಿವರ್ಮನ 27ನೆಯ ಆಳ್ವಿಕೆಯ ವರ್ಷದ್ದು. ವಿದ್ವಾಂಸರು ಇವನನ್ನು ಒಂದನೆಯ ಆದಿತ್ಯ ಚೋಳನೆಂದು ಗುರುತಿಸುತ್ತಾರೆ. ಎಂದರೆ 9ನೆಯ ಶತಮಾನದ ಕೊನೆಯ ಕಾಲ. ಸ್ಕಂದಶಿಷ್ಯನೆಂಬ ಹಳೆಯ ಅರಸನು ದೇವರಿಗೆ ಬಿಟ್ಟಿದ್ದ ಭೂಮಿಯನ್ನು ನಂತರ ನರಸಿಂಗ ಪೋತ್ತರೈಯನು ಹಾಗೆಯೇ ನಡೆಸಿಕೊಂಡು ಬಂದನು, ಅದನ್ನೇ ಈಗ ಚೋಳನು ಮುಂದುವರಿಸುತ್ತಿದ್ದಾನೆ ಎಂಬುದು ಅದರ ಸಾರಾಂಶ. ನರಸಿಂಗ ಪೋತ್ತರೈಯನ ಹೆಸರಿಗೆ ಸೇರಿರುವ ವಿಶೇಷಣ ‘ವಾತಾಪಿಯನ್ನು ಕೊಂಡ’ ಎಂಬುದು.

ವಾತಾಪಿ ನಮ್ಮ ಬಾದಾಮಿ. 642ರಲ್ಲಿ ಪಲ್ಲವ ಒಂದನೆಯ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದ ಸಂಗತಿ ಶಾಲೆಯ ಪಾಠದಲ್ಲಿ ಎಲ್ಲರೂ ಓದಿರುವುದೇ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆಯೂ ಉಂಟು. ಅವನ ಮಾಮಲ್ಲನೆಂಬ ಬಿರುದೇ ಹದಿನೈದು ಕಿ.ಮೀ. ದೂರದ ಮಾಮಲ್ಲಪುರಕ್ಕೆ ಹೆಸರಾಯಿತು. ನಮ್ಮನ್ನು ತಡೆದು ನಿಲ್ಲಿಸುವುದು ಬೇರೊಂದು ವಿಷಯ. ಯುದ್ಧ ಮುಗಿದು ಇನ್ನೂರೈವತ್ತು ವರ್ಷ ಕಳೆದ ಮೇಲೆ, ಪಲ್ಲವರ ಆಳ್ವಿಕೆಯೇ ಅಳಿದ ಮೇಲೆ, ಒಂದು ದೇವಸ್ಥಾನದ ಜಮೀನಿನ ಕಾಗದಪತ್ರದಂತಹ ಶಾಸನದಲ್ಲಿ ಆ ಅರಸನನ್ನು ಗುರುತಿಸಲು ಬಾದಾಮಿಯ ಹೆಸರೇ ಬೇಕಾಯಿತು.

ಅದೇ ಊರಿನಲ್ಲಿ ಇನ್ನೆರಡು ಶಾಸನಗಳು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ 17 ಮತ್ತು 19ನೆಯ ಆಳ್ವಿಕೆಯ ವರ್ಷಗಳವು. ಅವುಗಳಲ್ಲಿ ಅವನ ಹೆಸರು ಕನ್ನರದೇವ. ಬಿರುದು ಕಂಚಿ ಮತ್ತು ತಂಜಾವೂರುಗಳನ್ನು ಗೆದ್ದವನೆಂದು. 949ರಲ್ಲಿ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ಚೋಳ ಯುವರಾಜ ರಾಜಾದಿತ್ಯನು ಹತನಾದನು. ಗಂಗ ಬೂತುಗನು ಅವನನ್ನು ಕೊಂದ ವಿವರ ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನದಲ್ಲಿದೆ. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದಕ್ಕೆ ಕಲ್ಲು ನಿಲ್ಲಿಸಿದ ಶಾಸನವೂ ಅದೇ. ಆ ಗೆಲುವಿನ ನಂತರ ತೊಂಡೈಮಂಡಲವು ಸುಮಾರು ಎರಡು ದಶಕಗಳ ಕಾಲ ಕನ್ನಡ ನಾಡಿನ ಅರಸನ ಅಧೀನದಲ್ಲಿತ್ತು. ಮಹಾಕವಿ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತ ಅರಸನೂ ಇವನೇ. ಅವನ ಅಧಿಕಾರಿಗಳು ಇಲ್ಲಿನ ಜನರೊಡನೆ ವ್ಯವಹರಿಸಿದ್ದು ತಮಿಳಿನಲ್ಲಿ. ಶಾಸನ ಹಾಕಿಸಿದ್ದೂ ತಮಿಳಿನಲ್ಲಿ. ಚೆನ್ನೈಯಲ್ಲಿ ಎರಡು ಮೂರು ತಲೆಮಾರುಗಳಿಂದ ಬಾಳುತ್ತಿರುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರಲಾರದು.

ಬೆಟ್ಟದಿಂದ ಇಳಿಯುವ ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಪಲ್ಲವರ ಕಾಲದ ಗುಹಾಲಯವಿದೆ. ಒರುಕಲ್ ಮಂಟಪವೆಂದು ಅದರ ಹೆಸರು. ಅದರ ಕಂಬಗಳ ಮೇಲೆ ರೋಮನ್ ಲಿಪಿಯಲ್ಲಿ ಕೆಲವು ಹೆಸರುಗಳು, ಇಸವಿಗಳು ಕಾಣುತ್ತವೆ. ಇಂದಿನ ಪ್ರವಾಸಿಗಳ ಕಿಡಿಗೇಡಿತನವೆಂದು ಮುಖ ತಿರುಗಿಸಬೇಡಿ. ಅವು 17ನೆಯ ಶತಮಾನದಲ್ಲಿ ಸಮೀಪದ ಸದ್ರಾಸ್ ಅಂದರೆ ಸದುರಂಗಪಟ್ಟಿನಂನಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ಡಚ್ಚರು ವಿಹಾರಕ್ಕೆ ಬಂದಾಗ ಕೊರೆದವು. ಕಿಡಿಗೇಡಿತನವೂ ಮುನ್ನೂರು ವರ್ಷ ಹಳತಾದರೆ ಇತಿಹಾಸವಾಗುತ್ತದೆಯೆನ್ನೋಣ. ಮಕ್ಕಳು ಇದನ್ನು ಮಾದರಿಯಾಗಿ ತೆಗೆದುಕೊಳ್ಳದಂತೆ ನೋಡಿಕೊಳ್ಳಬೇಕು.

ಬಾರದ ಪಕ್ಷಿಗಳು

ಪಕ್ಷಿತೀರ್ಥವೆಂಬ ಹೆಸರಿಗೆ ಕಾರಣವಾದ ಎರಡು ಹದ್ದುಗಳನ್ನು ನಮ್ಮ ಓದುಗರಲ್ಲಿ ಅರವತ್ತು ದಾಟಿದ ಕೆಲವರಾದರೂ ಕಂಡಿರಬಹುದು. ಮಧ್ಯಾಹ್ನದ ಹೊತ್ತಿಗೆ ಅರ್ಚಕರು ಬೆಟ್ಟದ ಬಂಡೆಯ ಮೇಲೆ ಅನ್ನ, ಬೆಲ್ಲ, ತುಪ್ಪದ ನೈವೇದ್ಯವಿಟ್ಟು ಕಾಯುತ್ತಿದ್ದರು. ಎರಡು ಬಿಳಿ ರಣಹದ್ದುಗಳು ಬಂದಿಳಿದು ಅವರ ಕೈಯಳತೆಯಲ್ಲಿಯೇ ತಿಂದು ಹಾರಿಹೋಗುತ್ತಿದ್ದವು. ಶಾಪಗ್ರಸ್ತರಾದ ಋಷಿಗಳೇ ಪಕ್ಷಿರೂಪದಲ್ಲಿ ಕಾಶಿ ಮತ್ತು ರಾಮೇಶ್ವರಗಳ ನಡುವೆ ದಿನವೂ ಸಂಚರಿಸುತ್ತ ಇಲ್ಲಿ ಊಟಕ್ಕಿಳಿಯುತ್ತಾರೆ ಎಂದು ಯಾತ್ರಿಕರು ನಂಬಿದ್ದರು. ಈ ಹಕ್ಕಿಯ ಆಯುಸ್ಸು ಕೆಲವು ದಶಕಗಳು ಮಾತ್ರ. ಆದ್ದರಿಂದ ಒಂದು ಜೋಡಿಯ ನಂತರ ಇನ್ನೊಂದು ಜೋಡಿ ಈ ಬಂಡೆಯನ್ನು ತನ್ನದಾಗಿಸಿಕೊಂಡಿದ್ದಿರಬೇಕು. ನಿತ್ಯವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಆಹಾರ ಸಿಗುವುದನ್ನು ಹಕ್ಕಿಗಳು ಚೆನ್ನಾಗಿ ನೆನಪಿಡುತ್ತವೆ.

1990ರ ದಶಕದ ಕೊನೆಯ ವೇಳೆಗೆ ಅವು ಬರುವುದು ನಿಂತಿತು. ಅದೇ ದಶಕದಲ್ಲಿ ಭಾರತದಾದ್ಯಂತ ರಣಹದ್ದುಗಳ ಸಂತತಿ ಕುಸಿದುಬಿದ್ದಿತು. ದನಕರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವು ಸತ್ತ ಜಾನುವಾರುಗಳ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 2006ರಲ್ಲಿ ಭಾರತವು ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಬಿಳಿ ರಣಹದ್ದು 2007ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಈ ಹಕ್ಕಿಯನ್ನು ಮಕ್ಕಳಿಗೆ ತೋರಿಸಬೇಕೆನ್ನುವವರು ಊರಿಗೆ ಹೋದಾಗ ರಾಮನಗರದ ರಾಮದೇವರಬೆಟ್ಟಕ್ಕೆ ಹೋಗಬಹುದು. 2012ರಲ್ಲಿ ಅದು ರಣಹದ್ದುಗಳ ವನ್ಯಧಾಮವೆಂದು ಘೋಷಿತವಾಯಿತು. ವೇದಗಿರಿಯಲ್ಲಿ ಈಗ ಉಳಿದಿರುವುದು ಹೆಸರು, ಬಂಡೆ ಮತ್ತು ಕೋತಿಗಳು. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಹತ್ತಿದರೆ ಕೋತಿಗಳ ಪರಿಚಯ ಬೇಗ ಆಗುತ್ತದೆ.

ಹತ್ತುವ ಕ್ರಮ

ಮೊದಲೇ ಹೇಳಿದ ಹನ್ನೊಂದರ ಗಡುವಿಗೆ ಕಾರಣ ಬರಿಗಾಲು. ಪಾದರಕ್ಷೆಗಳನ್ನು ಕೆಳಗೇ ಬಿಡಬೇಕು. ಬಿಸಿಲೇರಿದ ಮೇಲೆ ಕಲ್ಲು ಕಾದ ಹೆಂಚಿನಂತಾಗುತ್ತದೆ. ಹತ್ತುವಾಗ ತಿಳಿಯದು, ಇಳಿಯುವಾಗ ಅಂಗಾಲು ಬೊಬ್ಬೆಯೇಳುತ್ತದೆ. ಆ ಪಾದಗಳಿಂದಲೇ ಮತ್ತೆ 60 ಕಿ.ಮೀ. ಪೆಡಲ್ ತುಳಿಯಬೇಕಾಗಿದೆಯೆಂಬುದನ್ನು ಮರೆಯಬಾರದು. ಮಧ್ಯಾಹ್ನ ಮೇಲಿನ ದೇವಾಲಯದ ಬಾಗಿಲನ್ನೂ ಮುಚ್ಚುತ್ತಾರೆ. ದಪ್ಪ ಹತ್ತಿಯ ಕಾಲುಚೀಲವೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಇಳಿಯುವಾಗ ಉಪಯೋಗಕ್ಕೆ ಬರುತ್ತದೆ.

ಸೈಕಲ್ಲಿನಿಂದ ಇಳಿದೊಡನೆ ಮೆಟ್ಟಿಲಿಗೆ ಕಾಲಿಡಬೇಡಿ. ನಾಲ್ಕು ಗಂಟೆ ಕುಳಿತು ತುಳಿದ ತೊಡೆಗಳು ಬಿಗಿದುಕೊಂಡಿರುತ್ತವೆ. ಕಾಲು ಗಂಟೆ ಊರಿನಲ್ಲಿ ಅಡ್ಡಾಡಿ, ಭಕ್ತವತ್ಸಲೇಶ್ವರ ದೇವಾಲಯದ ಪ್ರಾಕಾರವನ್ನು ಒಂದು ಸುತ್ತು ಹಾಕಿ, ನಂತರ ಹತ್ತಿರಿ. ನೂರು ಮೆಟ್ಟಿಲಿಗೊಮ್ಮೆ ನಿಂತರೂ ಮುಕ್ಕಾಲು ಗಂಟೆಯಲ್ಲಿ ನೆತ್ತಿ ಸೇರಬಹುದು. ಮೇಲಿನಿಂದ ಕೆಳಗಿನ ದೇವಾಲಯದ ಗೋಪುರಗಳೂ ಶಂಖತೀರ್ಥದ ಚೌಕವೂ ಒಂದೇ ನೋಟಕ್ಕೆ ದೊರಕುತ್ತವೆ. ಮೊಣಕಾಲಿಗೆ ನಿಜವಾದ ಪರೀಕ್ಷೆ ಇಳಿಯುವಾಗ. ಓಡುತ್ತ ಇಳಿಯುವುದು ಖಂಡಿತ ಬೇಡ.

ನೀರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಬಾಯಾರುವ ಮುನ್ನವೇ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುತ್ತಿರಬೇಕು. ಬರಿಯ ನೀರು ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಮರಳಿ ಬರಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು, ಮನೆಯಿಂದ ತಂದ ಮೊಸರನ್ನ ಉಪ್ಪಿನಕಾಯಿಗಳಿಗಿಂತ ಉತ್ತಮವಾದುದನ್ನು ಯಾವ ಕಂಪನಿಯೂ ಪೊಟ್ಟಣದಲ್ಲಿ ಮಾರಿಲ್ಲವೆಂಬುದು ನಮ್ಮ ದೃಢವಾದ ಮತ. ತಲೆಸುತ್ತು, ವಾಕರಿಕೆ, ಬಿಸಿಲಿನಲ್ಲಿಯೂ ಬೆವರು ನಿಲ್ಲುವುದು ಇವುಗಳಲ್ಲಿ ಒಂದು ಕಂಡರೂ ಯಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ನೆರಳಿಗೆ ಕರೆದೊಯ್ದು, ಮೈ ತಣಿಸಿ, ವೈದ್ಯರನ್ನು ಕಾಣಬೇಕು. ಹೃದ್ರೋಗ, ಮಧುಮೇಹ, ಮೊಣಕಾಲು ನೋವು ಇರುವ ಹಿರಿಯರು ಮೊದಲೇ ವೈದ್ಯರ ಸಲಹೆ ಪಡೆಯುವುದು ಕ್ಷೇಮ.

ಮರಳುವಿಕೆ ಮತ್ತು ಗಾಳಿ

ಡಿಸೆಂಬರ್ ಮಧ್ಯದಿಂದ ಫೆಬ್ರವರಿಯ ಕೊನೆಯವರೆಗೆ ಈ ಯಾತ್ರೆಗೆ ಪ್ರಶಸ್ತವಾದ ಕಾಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಈಶಾನ್ಯ ಮಾರುತದ ಮಳೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಯೋಚಿಸುವುದೇ ಬೇಡ. ಆದರೆ ಚಳಿಗಾಲದಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಅದು ಬೆನ್ನ ಹಿಂದಿರುವುದರಿಂದ ನಾವೇ ಶೂರರೆಂದು ತೋರುತ್ತದೆ. ಸಂಜೆ ಉತ್ತರಕ್ಕೆ ತಿರುಗಿದಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಬೆಳಗಿನ ವೇಗದ ಮೇಲೆ ಸಂಜೆಯ ಲೆಕ್ಕ ಹಾಕಬಾರದು. ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಹನ್ನೊಂದೂವರೆಗೆ ತಿರುಕ್ಕಳುಕ್ಕುಂಡ್ರಂ ಬಿಟ್ಟು 15 ಕಿ.ಮೀ. ಪೂರ್ವಕ್ಕೆ ಬಂದರೆ ಮಾಮಲ್ಲಪುರ. ಅಲ್ಲಿ ಊಟ ಮತ್ತು ಎರಡು ಗಂಟೆಯ ನೆರಳು. ಮೂರು ಗಂಟೆಗೆ ಹೊರಟು ಪೂರ್ವ ಕರಾವಳಿ ರಸ್ತೆಯಲ್ಲಿ ಕೋವಳಂ, ಮುಟ್ಟುಕಾಡು, ತಿರುವಾನ್ಮಿಯೂರುಗಳ ಮೂಲಕ ವೇಲಚೇರಿಗೆ ಸುಮಾರು 50 ಕಿ.ಮೀ. ಇಡೀ ದಿನದ ಮೊತ್ತ 125 ಕಿ.ಮೀ. ಆಗುತ್ತದೆ. ಯಾತ್ರೆಯನ್ನು ಭಾನುವಾರಕ್ಕಿಂತ ಶನಿವಾರ ಇಟ್ಟುಕೊಳ್ಳುವುದು ಜಾಣತನ. ಶನಿವಾರ ಸಂಜೆ ಕಾರುಗಳ ಪ್ರವಾಹ ನಗರದಿಂದ ದಕ್ಷಿಣಕ್ಕೆ ಹರಿಯುತ್ತಿರುತ್ತದೆ, ನಮ್ಮ ಬದಿ ತಕ್ಕಮಟ್ಟಿಗೆ ಖಾಲಿ. ಭಾನುವಾರ ಸಂಜೆ ಅವೆಲ್ಲವೂ ನಮ್ಮ ಬದಿಯಲ್ಲಿಯೇ ಮರಳುತ್ತವೆ.

ಮುಟ್ಟುಕಾಡಿನಲ್ಲಿ ಹಿನ್ನೀರಿನ ಸೇತುವೆಯ ಸಮೀಪದಲ್ಲಿರುವ ದಕ್ಷಿಣಚಿತ್ರವನ್ನು ಇನ್ನೊಂದು ದಿನಕ್ಕೆ ಮೀಸಲಿಡಿ. 1996ರಲ್ಲಿ ತೆರೆದ ಈ ವಸ್ತುಸಂಗ್ರಹಾಲಯದಲ್ಲಿ ಕರ್ನಾಟಕದ ವಿಭಾಗವೂ ಇದ್ದು, ಇಳಕಲ್ಲಿನ ನೇಕಾರರ ಮನೆಯನ್ನು ಅಲ್ಲಿ ಕಾಣಬಹುದು. ಮಂಗಳವಾರ ರಜೆ.

125 ಕಿ.ಮೀ. ಎಲ್ಲರಿಗೂ ಹೇಳಿದ್ದಲ್ಲ. ಮಕ್ಕಳಿರುವ ಕುಟುಂಬಗಳು ಸೈಕಲ್ಲುಗಳನ್ನು ವಾಹನದಲ್ಲಿ ಮಾಮಲ್ಲಪುರದವರೆಗೆ ಒಯ್ದು, ಅಲ್ಲಿಂದ ಬೆಟ್ಟಕ್ಕೆ ಹೋಗಿಬಂದರೆ 30 ಕಿ.ಮೀ. ಮಾತ್ರ. ಅದಕ್ಕೂ ಮೊದಲು ಅಭ್ಯಾಸ ಬೇಕೆನ್ನುವವರಿಗೆ ವೇಲಚೇರಿಯಿಂದ ಆರು ಕಿ.ಮೀ. ಒಳಗಿರುವ ಪರಂಗಿಮಲೈ ಇದೆ. ಎತ್ತರ 300 ಅಡಿ, ನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ 1523ರಲ್ಲಿ ಪೋರ್ಚುಗೀಸರು ಕಟ್ಟಿಸಿದ ಇಗರ್ಜಿ. ಸಂಜೆ ನಾಲ್ಕಕ್ಕೆ ಹೊರಟು ಮೇಲೇರಿದರೆ ವಿಮಾನಗಳು ಮೀನಂಬಾಕ್ಕಂಗೆ ಇಳಿಯುವುದು ಕಾಣುತ್ತದೆ, ಮಕ್ಕಳಿಗೆ ಬೇರೆ ಆಮಿಷ ಬೇಕಾಗದು. ಮೂರು ನಾಲ್ಕು ವಾರ ಹೀಗೆ ಹೋಗಿಬಂದು ಕಾಲು ಪಳಗಿದ ಮೇಲೆ ಪಕ್ಷಿತೀರ್ಥಕ್ಕೆ ಶನಿವಾರವೊಂದನ್ನು ಗೊತ್ತುಮಾಡಿಕೊಳ್ಳಬಹುದು. ಪಂಕ್ಚರ್ ಸಾಮಗ್ರಿ, ಕೈಪಂಪು, ಒಂದು ಹೆಚ್ಚುವರಿ ಟ್ಯೂಬು ಜೊತೆಗಿರಲಿ. ಬೆಳಗಿನ ಐದಕ್ಕೆ ಆಲತ್ತೂರಿನಲ್ಲಾಗಲಿ ಪೂಂಜೇರಿಯಲ್ಲಾಗಲಿ ಸೈಕಲ್ ಅಂಗಡಿ ತೆರೆದಿರುವುದಿಲ್ಲ.